ಹಸು ತಮ್ಮನ ಹಿಂದೆ ಯಾಕೆ ಹೋಯಿತು

ಹೋದ ಭಾನುವಾರ ಸಿರಿ, ಪವನ, ನೀವಿಬ್ಬರೂ ಶಾಲೆಯ ಪ್ರಾಜೆಕ್ಟಿಗೆಂದು ಅಡುಗೆಮನೆಯಲ್ಲಿ ಮೈದಾ ಅಂಟು ಕುದಿಸುತ್ತಿದ್ದಿರಿ. ಮನೆಯಲ್ಲಿದ್ದ ಗಮ್ ಮುಗಿದಿತ್ತು. ಸವಳಂಗ ರಸ್ತೆಯ ಅಂಗಡಿಗಳು ಅಂದು ಬಾಗಿಲು ಹಾಕಿದ್ದವು. ಅಂಟು ತಳ ಹಿಡಿದು ಸಣ್ಣಗೆ ಸೀದ ವಾಸನೆ ನಡುಮನೆಗೆ ಬಂದಾಗ ನಾನು ಬಟ್ಟೆ ಮಡಚುತ್ತಿದ್ದವಳು ಹಾಗೇ ಕೂತುಬಿಟ್ಟೆ. ಸಿರಿ ಬಂದು "ಅಜ್ಜಿ, ಯಾಕೆ ಹಂಗೆ ನೋಡ್ತಿದ್ದೀಯ?" ಎಂದು ಕೇಳಿದಳು. ನಾನು "ಏನಿಲ್ಲ" ಎಂದೆ. ಬಾಯಲ್ಲಿ ಹೇಳುವುದು ನನಗೆ ಯಾವತ್ತೂ ಕಷ್ಟ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ನಿಧಾನವಾಗಿ ಓದಿ.

ನೀವಿಬ್ಬರೂ ಇನ್ನೂ ಹುಟ್ಟಿರದ ಕಾಲ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಿಮ್ಮ ತಾತ ತೀರಿಕೊಂಡು ಎಂಟು ತಿಂಗಳಾಗಿತ್ತು. ಆಯನೂರಿನ ಆಚೆಯ ನಮ್ಮ ಹಳ್ಳಿಯಿಂದ ನಿಮ್ಮಮ್ಮ ಸುಮಾ ನನ್ನನ್ನು ಭದ್ರಾವತಿಯ ಜನ್ನಾಪುರಕ್ಕೆ ಕರೆದುಕೊಂಡು ಬಂದಳು. ನಿಮ್ಮಪ್ಪ ಆಗ ಕಾಗದನಗರದ ಪೇಪರ್ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದರು. ಎರಡು ಕೋಣೆಯ ಬಾಡಿಗೆ ಮನೆ. ಕಾರ್ಖಾನೆಯ ಸೈರನ್ ಕೂಗಿದರೆ ನಮ್ಮ ಓಣಿಯಲ್ಲಿ ಗಡಿಯಾರ ನೋಡುವವರು ಯಾರೂ ಇರಲಿಲ್ಲ. ಗಾಳಿ ಕಾಗದನಗರದ ಕಡೆಯಿಂದ ಬೀಸಿದ ದಿನ ಕೋಸು ಬೇಯಿಸಿದಂಥ ಒಂದು ವಾಸನೆ ಬರುತ್ತಿತ್ತು. ನಾನು ಮೊದಲ ವಾರ ಪಕ್ಕದ ಮನೆಯವರು ದಿನಾ ಕೋಸಿನ ಪಲ್ಯ ಮಾಡುತ್ತಾರೆ ಎಂದೇ ತಿಳಿದಿದ್ದೆ.

ಮಗಳ ಮನೆಯಲ್ಲಿ ಕೂತು ಉಣ್ಣುವ ಸಂಕೋಚ ನಿಮಗೆ ಈಗ ಅರ್ಥವಾಗುವುದಿಲ್ಲ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದೆ. ಒಂದು ದಿನ ಸುಮಾ ನನ್ನ ಕೈಯಿಂದ ಮೊರ ಕಿತ್ತುಕೊಂಡಳು. "ಅಮ್ಮ, ಈ ಅಕ್ಕಿಗೆ ನಿನ್ನ ಕಂಡ್ರೆ ಹೆದರಿಕೆ ಆಗಿದೆ. ಬಿಡು ಅದನ್ನ. ಎದುರುಮನೆ ಸರೋಜಾ ಮಿಸ್ ಕೇಳ್ತಿದ್ರು, ಅವರ ಶಾಲೇಲಿ ಮಕ್ಕಳು ಓದೋದನ್ನ ಕೇಳಕ್ಕೆ ಒಬ್ರು ಬೇಕಂತೆ. ನೀನು ಹೋಗು."

"ನಾನಾ? ನಾನು ಹಳ್ಳಿ ಶಾಲೇಲಿ ಏಳನೇ ಕ್ಲಾಸು ಓದಿದೋಳು. ನಾನೇನು ಪಾಠ ಮಾಡ್ತೀನಿ?"

"ಪಾಠ ಮಾಡೋದಲ್ಲ ಮಾರಾಯ್ತಿ, ಕೇಳೋದು. ಕಿವಿ ಇದೆಯಲ್ಲ ನಿಂಗೆ?"

ಸರೋಜಾ ಮಿಸ್ ಆ ಚಿಕ್ಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಅಲ್ಲಿ ಇದ್ದದ್ದು ನಾಲ್ಕು ತರಗತಿ, ಇಬ್ಬರು ಟೀಚರು. ಒಬ್ಬರು ಎರಡು ತರಗತಿಗಳನ್ನು ಒಟ್ಟಿಗೆ ನೋಡಬೇಕು. ಒಂದು ತರಗತಿಗೆ ಬೋರ್ಡಿನ ಮೇಲೆ ಬರೆದುಕೊಟ್ಟು ಇನ್ನೊಂದಕ್ಕೆ ಓದಿಸುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಹಿಂದೆ ಕೂತ ಮಕ್ಕಳು ಓದುತ್ತಾರೋ, ಬಾಯಿ ಆಡಿಸುತ್ತಾರೋ ನೋಡಲು ಅವರಿಗೆ ಬಿಡುವೇ ಇರುತ್ತಿರಲಿಲ್ಲ.

ಜೂನ್ ತಿಂಗಳ ಮಳೆಯಲ್ಲಿ, ಕೊಡೆಯಿಂದ ನೀರು ತೊಟ್ಟಿಕ್ಕಿಸಿಕೊಂಡು, ನಾನು ಮೂರನೆಯ ತರಗತಿಯ ಬಾಗಿಲಲ್ಲಿ ನಿಂತೆ. ಮಕ್ಕಳೆಲ್ಲ ಎದ್ದು "ನಮಸ್ತೇ ಮಿಸ್" ಎಂದು ರಾಗ ಎಳೆದರು. ನೇರವಾಗಿ ಹೋಗಿ ಕೊನೆಯ ಸಾಲಿನ ಮಕ್ಕಳ ಪಕ್ಕ ಮಣೆಯ ಮೇಲೆ ಕೂತೆ. ಮುಂದಿನ ಸಾಲಿನ ಮಂಜ ತಿರುಗಿ ನೋಡಿ, "ಲೋ, ಅಜ್ಜಿ ಅಡ್ಮಿಷನ್ ಆಗಿದೆ ಕಣ್ರೋ!" ಎಂದ. ಎಲ್ಲರೂ ನಕ್ಕರು. ನನಗೂ ನಗು ಬಂತು. ಅಂದಿನಿಂದ ನಾನು ಅಜ್ಜಿ ಮಿಸ್ ಆದೆ. ಆಗ ನನಗೆ ನಲವತ್ತೇಳು ವರ್ಷ.

ಮೊದಲ ತಿಂಗಳು ನಾನು ಕೇಳಿದೆ, ಅಷ್ಟೆ. ಕೇಳುತ್ತಾ ಕೇಳುತ್ತಾ ಒಂದು ಕುತೂಹಲ ಹತ್ತಿತು. ಈ ಮಕ್ಕಳು ಎಷ್ಟು ಚೆನ್ನಾಗಿ ಓದುತ್ತಾರೆ, ಆದರೆ ಓದುವಾಗ ಇವರ ಮುಖದಲ್ಲಿ ಏನೂ ಆಗುವುದಿಲ್ಲವಲ್ಲ? ಪಾಠದಲ್ಲಿ ಹುಲಿ ಬಂದರೂ ಅದೇ ಮುಖ, ಹೂವು ಅರಳಿದರೂ ಅದೇ ಮುಖ. ಮಂಜ ಓದುವುದು ಎಲ್ಲರಿಗಿಂತ ಜೋರು. ಒಂದು ದಿನ ಅವನು ಕಣ್ಣು ಮುಚ್ಚಿ ರಾಗ ಎಳೆಯುತ್ತಿದ್ದಾಗ ನಾನು ಮೆಲ್ಲಗೆ ಪುಸ್ತಕ ಎಳೆದುಕೊಂಡೆ. ಅವನು ಓದುತ್ತಲೇ ಇದ್ದ. ಪಾಠ ಮುಗಿಸಿ, ಪುಟ ತಿರುವಲು ಕೈ ಚಾಚಿದಾಗಲೇ ಪುಸ್ತಕ ಇಲ್ಲದ್ದು ಅವನಿಗೆ ಗೊತ್ತಾದದ್ದು.

ಇದನ್ನು ಸರೋಜಾ ಮಿಸ್‌ಗೆ ಹೇಳಿದೆ. ಅವರು ತಲೆ ಚಚ್ಚಿಕೊಂಡರು. "ಗೊತ್ತು ಗಿರಿಜಮ್ನೋರೆ. ಬಾಯಿಪಾಠ. ಇವರು ಕಂಡಿರದ ಕತೆ ಕೊಡ್ಬೇಕು, ಆವಾಗ ತಿಳಿಯುತ್ತೆ ಯಾರು ಓದ್ತಾರೆ ಯಾರು ಹಾಡ್ತಾರೆ ಅಂತ." ಅವರೇ ನಾಲ್ಕು ಸಾಲಿನ, ಆರು ಸಾಲಿನ ಕತೆಗಳನ್ನು ಕಟ್ಟಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು. ಅವನ್ನು ರಟ್ಟಿನ ಮೇಲೆ ಅಂಟಿಸುವ ಕೆಲಸ ನನ್ನದು. ಬೇವಿನೆಲೆ ಕುದಿಸಿದ ನೀರಿನಲ್ಲಿ ಮೈದಾ ಕಲಸಿ ನಮ್ಮ ಸೀಮೆಎಣ್ಣೆ ಸ್ಟೌವಿನ ಮೇಲೆ ಅಂಟು ಕುದಿಸುತ್ತಿದ್ದೆ. ಹಳೆ ಕ್ಯಾಲೆಂಡರು, ರಟ್ಟು, ಸೋಪಿನ ಡಬ್ಬಿ, ಏನು ಸಿಕ್ಕಿದರೂ ಅದರ ಮೇಲೊಂದು ಕತೆ ಅಂಟುತ್ತಿತ್ತು. ನಿಮ್ಮಪ್ಪ ಹೊಸ ಶರಟಿನ ರಟ್ಟನ್ನು ನನ್ನಿಂದ ಬಚ್ಚಿಡತೊಡಗಿದ್ದರು.

ಆ ಕಾರ್ಡುಗಳಲ್ಲಿ ಒಂದರ ಕತೆ ಹೀಗಿತ್ತು: ಅಣ್ಣ ತಮ್ಮ ಇದ್ದರು. ಅವರ ಮನೆಯಲ್ಲಿ ಒಂದು ಹಸು ಇತ್ತು. ತಮ್ಮ, "ಅಣ್ಣ, ನನಗೂ ಪಾಲು ಕೊಡು" ಎಂದು ಕೇಳಿದ. ಅಣ್ಣ, "ನಿನಗೆ ಪಾಲು ಇಲ್ಲ" ಎಂದ. ತಮ್ಮ ಅಳುತ್ತಾ ಮನೆ ಬಿಟ್ಟು ಹೋದ. ಹಸುವೂ ತಮ್ಮನ ಹಿಂದೆ ಹೋಯಿತು. ಕೆಳಗೆ ಒಂದು ಪ್ರಶ್ನೆ: ಹಸು ತಮ್ಮನ ಹಿಂದೆ ಯಾಕೆ ಹೋಯಿತು?

ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಸೆಲ್ವಿ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಯಾವಾಗಲೂ ಮಸಿ ಹತ್ತಿದ ತೋರುಬೆರಳು. ಅವಳ ಅಮ್ಮ ಅಂಜಲೈ ಕಾಗದನಗರದ ಕ್ವಾರ್ಟರ್ಸಿನ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮನೆಯಲ್ಲಿ ತಮಿಳು, ಓಣಿಯಲ್ಲಿ ಕನ್ನಡ. ಸೆಲ್ವಿ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಅವಳ ಸರದಿ ಬಂದರೆ ಉಳಿದವರು ಆಕಳಿಸುತ್ತಿದ್ದರು. ಅಂದು ಅವಳು ಆ ಕಾರ್ಡನ್ನು ಓದಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಮುಗಿಸಿದವಳೇ, ಯಾರೂ ಕೇಳುವ ಮೊದಲೇ, ತಲೆ ಎತ್ತಿ ಹೇಳಿದಳು:

"ತಮ್ಮಂಗೆ ಹಸಿವು ಅಜ್ಜಿ ಮಿಸ್. ಅಣ್ಣ ಪಾಲು ಕೊಡ್ಲಿಲ್ಲ. ಅದ್ಕೆ ಹಸೂನೇ ಪಾಲು ಕೊಡಕ್ಕೆ ಹಿಂದೆ ಹೋಯ್ತು."

"ಹಸು ಹೆಂಗೆ ಪಾಲು ಕೊಡುತ್ತೆ?" ಎಂದ ಮಂಜ.

"ಕರೆದ್ರೆ ಕೊಡುತ್ತೆ." ಸೆಲ್ವಿ ಎರಡೂ ಕೈಯಲ್ಲಿ ಹಾಲು ಕರೆಯುವಂತೆ ಮಾಡಿ ತೋರಿಸಿದಳು.

ತರಗತಿ ಬಿದ್ದು ಬಿದ್ದು ನಕ್ಕಿತು. ನನಗೂ ತಡೆಯಲಾಗಲಿಲ್ಲ. ನಗುತ್ತಲೇ, "ಅಯ್ಯೋ ಪೆದ್ದಿ, ಪಾಲು ಅಂದ್ರೆ ಹಾಲಲ್ಲ ಕಣೆ, ಭಾಗ! ಆಸ್ತೀಲಿ ಭಾಗ!" ಎಂದುಬಿಟ್ಟೆ. ಎರಡು ತಿಂಗಳಲ್ಲಿ ಆ ತರಗತಿಯಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು.

ಸೆಲ್ವಿ ಕಾರ್ಡನ್ನು ಮಗುಚಿ ಇಟ್ಟಳು. ಮರುದಿನದಿಂದ ಅವಳ ಸರದಿ ಬಂದರೆ ಬಾಯಿ ತೆರೆಯುತ್ತಿರಲಿಲ್ಲ. ಕೋಲು ತೋರಿಸಿದರೂ ಇಲ್ಲ, ಪೆಪ್ಪರ್‌ಮೆಂಟು ತೋರಿಸಿದರೂ ಇಲ್ಲ. ನನ್ನ ಪಕ್ಕದಿಂದ ಎದ್ದು ಕಿಟಕಿಯ ಹತ್ತಿರ ಹೋಗಿ ಕೂತಳು.

ದಸರಾ ರಜೆಗೆ ಮುಂಚೆ ಸರೋಜಾ ಮಿಸ್ ನನ್ನನ್ನು ಕರೆದು ಒಂದು ಪಟ್ಟಿ ತೋರಿಸಿದರು. ಮೂರು ಹೆಸರು ಇದ್ದವು. ಮಾರ್ಚಿನಲ್ಲಿ ಶಾಲೆ ತಪಾಸಣೆಯ ಸಾಹೇಬರು ಬಂದು ಈ ಮೂವರನ್ನು ತಾವೇ ಓದಿಸಿ ನೋಡುತ್ತಾರೆ, ಓದದಿದ್ದರೆ ಮತ್ತೆ ಮೂರನೇ ಕ್ಲಾಸಿನಲ್ಲೇ ಕೂರಬೇಕು ಎಂದರು. ಸೆಲ್ವಿಯ ಹೆಸರು ಮೊದಲಿತ್ತು. ಅಂಜಲೈಯನ್ನು ಕರೆಸಿ ವಿಷಯ ತಿಳಿಸಿದಾಗ ನಾನೂ ಅಲ್ಲಿದ್ದೆ. ಅವಳು ಸೆರಗಿನಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಹೇಳಿದಳು: "ಫೇಲಾದ್ರೆ ಮತ್ತೆ ಓದ್ಸಲ್ಲ ಮಿಸ್. ಊರಲ್ಲಿ ನಮ್ಮಮ್ಮ ಒಬ್ಳೇ ಐತೆ, ಆಡು ಐತೆ. ಕಳ್ಸಿಬಿಡ್ತೀನಿ. ಒಂದೇ ಕ್ಲಾಸು ಎರಡು ವರ್ಷ ಕೂತ್ರೆ ಅದ್ರದ್ದು ತಲೇಲಿ ಏನೂ ಇಲ್ಲ ಅಂತ ಅರ್ಥ ಅಲ್ವಾ?"

ಬಾಗಿಲ ಹೊರಗೆ ಸೆಲ್ವಿ ನಿಂತಿದ್ದಳು. ಅವಳಿಗೆ ಕೇಳಿಸಿತು. ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದಳು.

ಆ ರಜೆಯಲ್ಲಿ ಒಂದು ಬೆಳಿಗ್ಗೆ ಹಾಲಿನ ಬೂತಿನ ಮುಂದೆ ನಿಂತಿದ್ದೆ. ನನ್ನ ಹಿಂದೆ ಒಬ್ಬ ಮುದುಕಿ ಚೊಂಬು ಹಿಡಿದು ನಿಂತಿದ್ದಳು. ಬೂತಿನವನಿಗೆ ಕೂಗಿ ಕೇಳಿದಳು, "ಪಾಲ್ ವಂದುಚ್ಚಾ?" ಅವನು ಒಳಗಿನಿಂದ "ಬಂತು ಪಾಟಿ, ಬಂತು" ಎಂದ. ನನಗೆ ಸೆಲ್ವಿಯ ಕಾರ್ಡು ನೆನಪಾಯಿತು. ತಿರುಗಿ ಆ ಮುದುಕಿಯನ್ನೇ ಕೇಳಿದೆ. ಅಪರಿಚಿತರೊಂದಿಗೆ ನಾನಾಗಿ ಮಾತಾಡಿದ್ದು ಎಷ್ಟು ವರ್ಷಕ್ಕೋ. "ಪಾಲ್ ಅಂದ್ರೆ ಏನಜ್ಜಿ?" ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೈಯಲ್ಲಿದ್ದ ಚೊಂಬನ್ನು ಎತ್ತಿ ತೋರಿಸಿದಳು. ಚೊಂಬು ಹಿಡಿದು ಹಾಲಿನ ಸಾಲಿನಲ್ಲಿ ನಿಂತು ಇದೇನು ಕೇಳುತ್ತಾಳೆ ಎಂದುಕೊಂಡಿರಬೇಕು.

ಹಾಲು ಮನೆಯಲ್ಲಿಟ್ಟು ನೇರ ಸರೋಜಾ ಮಿಸ್ ಮನೆಗೆ ಹೋದೆ. ನಾನು ಹೇಳಿದ್ದನ್ನು ಕೇಳಿ ಅವರು, "ನಾನೂ ಎಂಥ ದಡ್ಡಿ ನೋಡಿ. ತಮಿಳಲ್ಲಿ ಅಷ್ಟೇ ಅಲ್ಲ ಗಿರಿಜಮ್ನೋರೆ, ಹಳೆಗನ್ನಡದಲ್ಲೂ ಪಾಲ್ ಅಂದ್ರೆ ಹಾಲೇ. ನಮ್ಮ ಪಕಾರ ಆಮೇಲೆ ಹಕಾರ ಆಯ್ತು. ಸಾವಿರ ವರ್ಷದ ಹಿಂದೆ ಆ ಹುಡುಗಿ ಈ ಉತ್ತರ ಹೇಳಿದ್ರೆ ಯಾರೂ ನಗ್ತಿರ್ಲಿಲ್ಲ" ಎಂದರು.

ನನಗೆ ಅದಕ್ಕಿಂತ ಬೇರೊಂದು ವಿಷಯ ಕಾಡುತ್ತಿತ್ತು. ಉಳಿದ ಮಕ್ಕಳು "ಪಾಲು" ಎಂದು ಓದಿದಾಗ ಅವರ ತಲೆಯಲ್ಲಿ ಏನಿತ್ತು? ರಜೆ ಮುಗಿದ ಮೇಲೆ ಮಂಜನನ್ನೇ ಕೇಳಿದೆ. "ಪಾಲು ಅಂದ್ರೆ ಏನೋ?" ಅವನು, "ಪಾಲು ಅಂದ್ರೆ ಪಾಲು ಮಿಸ್" ಎಂದ. ಇನ್ನೊಬ್ಬಳು, "ಅದು ಪಾಠದಲ್ಲಿ ಬರುತ್ತೆ" ಎಂದಳು. ನಕ್ಕವರಲ್ಲಿ ಅರ್ಧ ಜನಕ್ಕೆ ಯಾಕೆ ನಕ್ಕೆವೆಂದು ಗೊತ್ತಿರಲಿಲ್ಲ. ಇಡೀ ತರಗತಿಯಲ್ಲಿ ಆ ಕತೆಯ ಒಳಗೆ ಹೋಗಿ, ಹಸುವಿನ ಮುಖ ನೋಡಿ, ತಮ್ಮನ ಹೊಟ್ಟೆ ನೋಡಿ ಬಂದವಳು ಒಬ್ಬಳೇ. ಅವಳ ಬಾಯಿಯನ್ನು ನಾನು ಮುಚ್ಚಿಸಿದ್ದೆ.

ನನ್ನನ್ನು ಕ್ಷಮಿಸು ಎಂದು ಅವಳನ್ನು ಕೇಳುವುದು ಹೇಗೆ? ದೊಡ್ಡವರು ಮಕ್ಕಳ ಹತ್ತಿರ ಹಾಗೆಲ್ಲ ಕೇಳುವ ರೂಢಿ ನಮ್ಮಲ್ಲಿ ಇರಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಿಟಕಿಯ ಬಳಿ ಅವಳ ಪಕ್ಕ ಹೋಗಿ ಕೂತೆ. ಕಾರ್ಡು ತೆಗೆದು ಮುಂದಿಟ್ಟೆ. "ನಿನ್ನ ಪಾಲೂ ಸರಿ, ನನ್ನ ಪಾಲೂ ಸರಿ. ನಂಗೆ ಗೊತ್ತಿರ್ಲಿಲ್ಲ ಕಣೆ" ಎಂದೆ. ಅವಳು ಕಾರ್ಡನ್ನು ತನ್ನ ಕಡೆ ಎಳೆದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, "ನಂಗೆ ಹಾಲು ಗೊತ್ತು ಮಿಸ್. ಪುಸ್ತಕದಲ್ಲಿ ಎಲ್ಲಾ ಬೇರೆ ತರ ಬರೀತಾರಲ್ಲ? ಹೋಗ್ತೀನಿ ಅನ್ನೋದಕ್ಕೆ ಹೋಗುತ್ತೇನೆ ಅಂತಾರೆ. ಹಂಗೇ ಹಾಲಿಗೆ ಪಾಲು ಅಂತಾರೇನೋ ಅಂತ..." ಎಂದಳು.

ಎಂಟು ವರ್ಷದ ಹುಡುಗಿ! ನಾನು ಏಳು ವರ್ಷ ಶಾಲೆಗೆ ಹೋಗಿದ್ದೆ, ಪುಸ್ತಕದ ಮಾತು ಯಾಕೆ ಬೇರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ಇನ್ನೂ ಯಾವ ಯಾವ ಮಾತು ಹಿಂಗೆ ಇದಾವೆ?" ಎಂದು ಕೇಳಿದೆ. ಸುಮ್ಮನೆ ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕಿತ್ತು. ಸೆಲ್ವಿಗೆ ಅದು ತಿಳಿಯಿತೆಂದು ಕಾಣುತ್ತದೆ. "ನಮ್ಮಮ್ಮ ದಿನಾ ಪಡಿ ಪಡಿ ಅಂತ ಬಯ್ಯುತ್ತೆ" ಎಂದಳು. ಅವರ ಮಾತಿನಲ್ಲಿ ಪಡಿ ಎಂದರೆ ಓದು. ನಮ್ಮೂರಲ್ಲಿ ಪಡಿ ಎಂದರೆ ಅಕ್ಕಿ ಅಳೆದು ಕೊಡುವುದು ಎಂದೆ. "ನಿಮ್ಮೂರಲ್ಲಿ ಪುಸ್ತಕದಲ್ಲಿ ಅಕ್ಕಿ ಕೊಡ್ತಾರಾ?" ಎಂದು ನಕ್ಕಳು. ಕಿಟಕಿಯ ಹುಡುಗಿ ನಕ್ಕದ್ದು ಕಂಡು ಇನ್ನಿಬ್ಬರು ಬಂದರು. ಸಾಬರ ಕೇರಿಯ ನೂರಿ, "ನಮ್ಮನೇಲಿ ಕಲ್ ಅಂದ್ರೆ ನಾಳೆ ಮಿಸ್. ನಿನ್ನೇನೂ ಕಲ್ಲೇ" ಎಂದಳು. "ಹಂಗಾದ್ರೆ ನಾಳೆ ಹೊಡೀತೀನಿ ಅಂದ್ರೆ ಕಲ್ಲಲ್ಲಿ ಹೊಡೀತಾರಾ?" ಎಂದ ಮಂಜ. ಮಳೆ ಬಂದಾಗ ನಾವು ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದೆವು ಎಂದು ನಾನು ಹೇಳಿದರೆ ಒಬ್ಬರಿಗೂ ಕೊಪ್ಪೆ ಗೊತ್ತಿರಲಿಲ್ಲ. ಗೋಣಿಚೀಲದ ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆ ಮೇಲೆ ಹಾಕಿ ತೋರಿಸಿದೆ. ಅವರು ನನ್ನನ್ನು ನೋಡಿ ನಕ್ಕರು. ಆ ನಗು ನನಗೆ ನೋಯಲಿಲ್ಲ. ನನ್ನನ್ನು ನೋಡಿ ನಗಲಿ ಎಂದೇ ಸೆಲ್ವಿಯ ಎದುರಿಗೆ ಹಾಕಿಕೊಂಡದ್ದು.

ಅಂದಿನಿಂದ ನಮ್ಮ ಓದಿನ ರೀತಿ ಬದಲಾಯಿತು. ಯಾರೂ ಹೇಳಿಕೊಟ್ಟ ವಿಧಾನವಲ್ಲ ಅದು. ಓದುವಾಗ ಯಾವ ಮಾತಿನ ಹತ್ತಿರ ಅನುಮಾನ ಬಂದರೂ ಬೆರಳಿಟ್ಟು ನಿಲ್ಲಬೇಕು. ನಿಂತವರನ್ನು ನೋಡಿ ಯಾರೂ ನಗಬಾರದು, ಅವಸರ ಮಾಡಬಾರದು. ನಾನೂ ಕತೆಯನ್ನು ಅರ್ಧಕ್ಕೆ ನಿಲ್ಲಿಸಿ ಮುಂದೇನು ಆಗಬಹುದು ಎಂದು ಕೇಳುತ್ತಿದ್ದೆ. ಕಾರ್ಡಿನ ಕೆಳಗಿದ್ದ ಪ್ರಶ್ನೆಗಳ ಮೇಲೆ ಖಾಲಿ ಕಾಗದ ಅಂಟಿಸಿದೆ. ಪ್ರಶ್ನೆಯನ್ನು ಮಕ್ಕಳೇ ಕೇಳಬೇಕಿತ್ತು, ಅದೂ ನನಗೆ ಉತ್ತರ ಗೊತ್ತಿರದ ಪ್ರಶ್ನೆ. ಅದೇನೂ ಕಷ್ಟವಾಗಲಿಲ್ಲ ಅವರಿಗೆ. ಅಣ್ಣ ತಮ್ಮನ ಅಮ್ಮ ಎಲ್ಲಿದ್ದಳು ಎಂದು ನೂರಿ ಕೇಳಿದಳು. ಹಸು ಹೋದ ಮೇಲೆ ಅಣ್ಣ ಕಾಫಿಗೆ ಏನು ಹಾಕಿಕೊಂಡ ಎಂದು ಮಂಜ. ಸರೋಜಾ ಮಿಸ್ ಬಾಗಿಲಲ್ಲಿ ನಿಂತು, "ನಾನು ಬರೆದಿದ್ದು ಆರು ಸಾಲು, ಇವರು ನನ್ನ ಸೊಂಟ ಮುರೀತಾರೆ" ಎನ್ನುತ್ತಿದ್ದರು.

ಆದರೆ ಸೆಲ್ವಿಯ ಓದು ಮಾತ್ರ ವೇಗ ಹಿಡಿಯಲಿಲ್ಲ. ಅಕ್ಷರ ತಪ್ಪುತ್ತಿರಲಿಲ್ಲ, ಆದರೆ ಪದೇ ಪದೇ ನಿಲ್ಲುತ್ತಿದ್ದಳು. ಸಂಕ್ರಾಂತಿ ಕಳೆಯಿತು, ಬಿಸಿಲು ಏರಿತು. ಸರೋಜಾ ಮಿಸ್‌ಗೆ ಚಿಂತೆ. "ಸಾಹೇಬ್ರಿಗೆ ಅರ್ಧ ದಿನದಲ್ಲಿ ಮೂರು ಶಾಲೆ ನೋಡೋದಿರುತ್ತೆ. ಇವಳು ನಿಂತ ಕಡೆಯೆಲ್ಲ ಅವರು ನಿಲ್ತಾರಾ? ಸ್ವಲ್ಪ ಬೇಗ ಓದೋದು ಕಲಿಸಿ." ನಾನು ಪ್ರಯತ್ನಿಸಿದೆ. ಬೇಗ ಓದು ಎಂದರೆ ಸೆಲ್ವಿ ಬೇಗ ಓದುತ್ತಿದ್ದಳು, ಆದರೆ ಮುಖ ಮಂಜನ ಹಳೆಯ ಮುಖದಂತಾಗುತ್ತಿತ್ತು. ಎರಡು ದಿನ ನೋಡಿ ಬಿಟ್ಟೆ. ನಾನು ಮಾಡುತ್ತಿರುವುದು ತಪ್ಪಾದರೆ ಅವಳು ಆಡು ಕಾಯಲು ಹೋಗಬೇಕಾಗುತ್ತದೆ. ಅದು ಗೊತ್ತಿದ್ದೇ ಬಿಟ್ಟೆ.

ಸಾಹೇಬರು ಬಂದದ್ದು ಸುಡುಬಿಸಿಲಿನ ಒಂದು ಮಧ್ಯಾಹ್ನ. ಒಳ್ಳೆಯವರೇ, ದಣಿದಿದ್ದರು. ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತಾ ಕುರ್ಚಿಯ ಮೇಲೆ ಕೂತು ತಮ್ಮ ಚೀಲದಿಂದ ಒಂದು ಹಾಳೆ ತೆಗೆದರು. ಮಕ್ಕಳು ಯಾವತ್ತೂ ನೋಡಿರದ ಕತೆ. ಪಟ್ಟಿಯಲ್ಲಿದ್ದ ಇನ್ನಿಬ್ಬರು ಓದಿದರು. ತಡವರಿಸಿದರೂ ಓದಿದರು. ಸಾಹೇಬರು ತಲೆಯಾಡಿಸಿ ಗುರುತು ಹಾಕಿಕೊಂಡರು. ಆಮೇಲೆ ಸೆಲ್ವಿ.

ಕುಂಬಾರ ಹತ್ತು ಮಡಕೆ ಮಾಡಿದ. ಒಂಬತ್ತನ್ನು ಸಂತೆಗೆ ಒಯ್ದ. ಒಂದನ್ನು ಮನೆಯಲ್ಲಿ ಬಿಟ್ಟ. ಒಂಬತ್ತೂ ಮಾರಿಹೋದವು. ಬಿಸಿಲಿನಲ್ಲಿ ಮನೆಗೆ ಬಂದು ತಣ್ಣೀರು ಕುಡಿದ. ಇಷ್ಟೇ ಕತೆ. ಸೆಲ್ವಿ ಬೆರಳಿಟ್ಟು, ಒಂದೊಂದೇ ಮಾತು, ನಿಧಾನವಾಗಿ ಓದಿದಳು. ಸಾಹೇಬರು ಗಡಿಯಾರ ನೋಡಿಕೊಂಡರು.

"ಕುಂಬಾರ ಒಂದು ಮಡಕೇನ ಮನೇಲಿ ಯಾಕೆ ಬಿಟ್ಟ?"

"ಅದು ಇದ್ರಲ್ಲಿ ಬರ್ದಿಲ್ಲ ಸಾರ್."

ಸರೋಜಾ ಮಿಸ್ ಕಣ್ಣು ಮುಚ್ಚಿಕೊಂಡರು. ಸಾಹೇಬರು ಹುಬ್ಬು ಏರಿಸಿ ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿ ನೋಡಿದರು. "ಹೌದು, ಬರೆದಿಲ್ಲ. ನೀನು ಹೇಳು."

ಸೆಲ್ವಿ ಹಾಳೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡಳು. ಬೆರಳು ಮೊದಲ ಸಾಲಿಗೆ ಹೋಯಿತು. ಒಂದೊಂದೇ ಸಾಲು ಇಳಿದು ಕೊನೆಯ ಸಾಲಿನಲ್ಲಿ ನಿಂತಿತು. ಅಲ್ಲಿಂದ ಅಲುಗಲಿಲ್ಲ. ಹೆಂಚಿನ ಮಾಡಿನ ಕೆಳಗೆ ಎಲ್ಲರೂ ಬೆವರುತ್ತಿದ್ದೆವು. ಸಾಹೇಬರು ಪೆನ್ನಿನ ಕ್ಯಾಪು ತೆಗೆದರು. ಸರೋಜಾ ಮಿಸ್ ಸೆಲ್ವಿಯ ಕಿವಿಯ ಹತ್ತಿರ ಬಗ್ಗಿ ಉತ್ತರ ಹೇಳಿಕೊಡಲು ಹೊರಟರು. ನಾನು ಅವರ ಸೆರಗು ಹಿಡಿದು ಎಳೆದೆ. ಅವರು ಗಾಬರಿಯಾಗಿ ನನ್ನತ್ತ ನೋಡಿದರು. ನಾನೇ ಬಾಯಿ ಬಿಟ್ಟೆ.

"ಒಂಚೂರು ತಡೀರಿ ಸಾರ್. ಅವಳು ಸುಮ್ನಿಲ್ಲ. ಯೋಚನೆ ಮಾಡ್ತಿದಾಳೆ."

ಸಾಹೇಬರು ನನ್ನನ್ನು ನೋಡಿದರು. ಇವಳು ಯಾರು ಎಂದು ಕೇಳಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟರು.

"ಸಾರ್," ಸೆಲ್ವಿ ಬೆರಳೆತ್ತದೆ ಕೇಳಿದಳು, "ತಣ್ಣೀರು ಅಂದ್ರೆ ಬರೀ ನೀರಾ, ತಣ್ಣಗಿರೋ ನೀರಾ?"

"ಅಂದ್ರೆ?"

"ನಮ್ಮನೇಲಿ ಎಲ್ಲಾ ನೀರಿಗೂ ತಣ್ಣಿ ಅಂತಾರೆ ಸಾರ್. ಬಿಸಿನೀರಿಗೂ ಸುಡು ತಣ್ಣಿ ಅಂತಾರೆ. ಇದು ಯಾವ್ದು?"

ಸಾಹೇಬರ ಮುಖದಲ್ಲಿ ಏನೋ ಸಡಿಲವಾಯಿತು. "ಇದು ತಣ್ಣಗಿರೋ ನೀರು."

"ಹಂಗಾದ್ರೆ ಮಡಕೇದು" ಎಂದಳು ಸೆಲ್ವಿ ತಕ್ಷಣ. "ಹೊರಗೆ ಬಿಸಿಲು ಅಂತ ಬರ್ದೈತೆ. ಬಿಸಿಲಲ್ಲಿ ತಣ್ಣಗೆ ಇರೋದು ಮಡಕೆ ನೀರೇ. ಎಲ್ಲಾ ಮಾರಿಬಿಟ್ರೆ ಅವ್ನು ಯಾವ್ದರಲ್ಲಿ ಕುಡೀಬೇಕು? ಮಡಕೆ ಮಾಡೋರ ಮನೇಲೂ ಒಂದು ಮಡಕೆ ಬೇಕಲ್ವಾ ಸಾರ್?"

ಸಾಹೇಬರು ಹಾಳೆಯನ್ನು ಎತ್ತಿಕೊಂಡು ಕತೆಯನ್ನು ಮತ್ತೊಮ್ಮೆ ತಾವೇ ಮನಸ್ಸಿನಲ್ಲಿ ಓದಿಕೊಂಡರು. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಆಮೇಲೆ ಸರೋಜಾ ಮಿಸ್‌ಗೆ, "ಬೆಳಿಗ್ಗೆಯಿಂದ ಎಲ್ಲಾ ಕಡೆ ಮಡಕೆ ಒಡೆದಿತ್ತು ಅಂತಲೇ ಹೇಳ್ತಿದ್ರು ಮೇಡಂ. ಒಡೆದಿತ್ತು ಅಂತ ಎಲ್ಲೂ ಇಲ್ಲ" ಎಂದರು. ಪಟ್ಟಿಯಲ್ಲಿ ಏನು ಬರೆದರೋ ನಮಗೆ ತೋರಿಸಲಿಲ್ಲ.

ಏಪ್ರಿಲ್ ಹತ್ತರಂದು ಫಲಿತಾಂಶದ ಹಾಳೆಯನ್ನು ಗೋಡೆಗೆ ಅಂಟಿಸಿದರು. ಮೂವರೂ ನಾಲ್ಕನೆಯ ತರಗತಿಗೆ ಪಾಸಾಗಿದ್ದರು. ಅಂಜಲೈ ಮನೆಗೆಲಸದ ನಡುವೆಯೇ ಓಡಿ ಬಂದಿದ್ದಳು. ಹಾಳೆಯ ಮುಂದೆ ನಿಂತು ಮಗಳನ್ನು ತಳ್ಳಿ, "ಎಲ್ಲೇ, ನಿನ್ನ ಹೆಸರು ಎಲ್ಲಿ? ತೋರ್ಸು" ಎಂದಳು. ಸೆಲ್ವಿ ಬೆರಳಿಟ್ಟು ತೋರಿಸಿದಳು. ಅಂಜಲೈ ಅಲ್ಲೇ ಮುಟ್ಟಿ ನೋಡಿದಳು. "ಇದು ನಿನ್ನದೇನಾ? ಸುಳ್ಳು ಹೇಳ್ಬೇಡ" ಎಂದಳು, ಆಮೇಲೆ ನನ್ನ ಕಡೆ ತಿರುಗಿ, "ಪಾಸಾಗೈತೆ ಮಿಸ್. ರಜಕ್ಕೆ ಮಾತ್ರ ಊರಿಗೆ ಕಳ್ಸ್ತೀನಿ. ನಮ್ಮಮ್ಮ ನೋಡ್ಬೇಕಂತೆ" ಎಂದಳು.

ರಜಕ್ಕೆ ಮಾತ್ರ ಎಂದದ್ದು ನಿಜ. ಆದರೆ ಅಜ್ಜಿಯ ಮನೆಗೆ ಹೋದ ಹೆಣ್ಣುಮಗು ಅಲ್ಲೇ ಉಳಿದುಬಿಡುವುದನ್ನು ನಾನು ಬೇಕಾದಷ್ಟು ನೋಡಿದ್ದೆ. ಜೂನಿನಲ್ಲಿ ಶಾಲೆ ಶುರುವಾಯಿತು. ಮೊದಲ ದಿನ ಸೆಲ್ವಿ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ನಾನು ನಾಲ್ಕನೆಯ ತರಗತಿಯ ಬಾಗಿಲಿಗೆ ಹೋಗಿ ಹೋಗಿ ಇಣುಕುತ್ತಿದ್ದೆ. ಮಂಜ, "ಅಜ್ಜಿ ಮಿಸ್ ಪಾಸಾಗಿಲ್ಲ ಕಣ್ರೋ, ಇನ್ನೂ ಮೂರನೇ ಕ್ಲಾಸಲ್ಲೇ ಇದಾರೆ" ಎಂದು ಹಾಸ್ಯ ಮಾಡಿದ. ವಾರ ಕಳೆಯಿತು. ಅಂಜಲೈಯನ್ನು ದಾರಿಯಲ್ಲಿ ಕಂಡರೆ ಕೇಳಲು ಧೈರ್ಯ ಬರುತ್ತಿರಲಿಲ್ಲ. ಏನು ಹೇಳುತ್ತಾಳೋ ಎಂದು ಬೇರೆ ಓಣಿಯಲ್ಲಿ ತಿರುಗಿ ಹೋಗುತ್ತಿದ್ದೆ.

ಎರಡನೆಯ ಸೋಮವಾರ ಸಂಜೆ, ಶಾಲೆ ಬಿಟ್ಟ ಮೇಲೆ ಜನ್ನಾಪುರದ ಬಸ್‌ಸ್ಟಾಪಿನ ಹತ್ತಿರ ತರಕಾರಿ ಕೊಳ್ಳುತ್ತಿದ್ದೆ. ದೂರದೂರಿನ ಬಸ್ಸಿನಿಂದ ಇಳಿದ ಜನರ ಗುಂಪು ಚದುರಿತು. ಟ್ರಂಕು ಹೊತ್ತ ಅಂಜಲೈ ಮುಂದೆ ಮುಂದೆ ಹೋಗುತ್ತಿದ್ದಳು, "ವಾ ಡೀ, ಬಾರೇ ಬೇಗ" ಎಂದು ಹಿಂದೆ ತಿರುಗಿ ಕೂಗುತ್ತಾ. ಅವಳ ಹಿಂದೆ, ಬಹಳ ಹಿಂದೆ, ಬಿಸಿಲಿಗೆ ಕಪ್ಪಾದ ಒಬ್ಬ ಹುಡುಗಿ ರಸ್ತೆಯ ಮಧ್ಯದಲ್ಲೇ ನಿಧಾನವಾಗಿ ನಡೆದು ಬರುತ್ತಿದ್ದಳು. ಕೈಯಲ್ಲಿ ಕಡಲೆಕಾಯಿ ಕಟ್ಟಿಕೊಟ್ಟಿದ್ದ ಕಾಗದದ ಪೊಟ್ಟಣ. ಅದನ್ನು ಬಿಚ್ಚಿ ಅಗಲ ಮಾಡಿಕೊಂಡು ಓದುತ್ತಾ ಬರುತ್ತಿದ್ದಳು. ಸೈಕಲ್ಲಿನವನು ಬೆಲ್ ಹೊಡೆದು ಬಯ್ದುಕೊಂಡು ಪಕ್ಕಕ್ಕೆ ಹೋದ. ಅವಳಿಗೆ ಕೇಳಿಸಲಿಲ್ಲ. ನನ್ನನ್ನೂ ದಾಟಿ ಹೋಗುತ್ತಿದ್ದಳು, ನಾನೇ ಭುಜ ಹಿಡಿದು ನಿಲ್ಲಿಸಿದೆ.

ತಲೆ ಎತ್ತಿ ನೋಡಿದಳು. ಚೆನ್ನಾಗಿದ್ದೀರಾ ಎಂದಾಗಲಿ, ಊರಿನಿಂದ ಬಂದೆ ಎಂದಾಗಲಿ ಹೇಳಲಿಲ್ಲ. ಕಾಗದದ ಹರಿದ ಅಂಚನ್ನು ನನ್ನ ಮುಂದೆ ಹಿಡಿದಳು.

"ಅಜ್ಜಿ ಮಿಸ್, ಒಂದು ಹೆಂಗಸು ಬಾವಿ ಹತ್ರ ಹೋದ್ಲು ಅಂತ ಐತೆ. ಅಲ್ಲಿ ಒಳಗೆ ಬಗ್ಗಿ ನೋಡಿದ್ರೆ ಅಂತ ಐತೆ. ಅಷ್ಟಕ್ಕೇ ಹರ್ದುಹೋಗೈತೆ. ಆಚೆ ಕಡೇನೂ ನೋಡ್ದೆ, ಅಲ್ಲಿ ಬರೀ ಟೈರಿನ ಜಾಹೀರಾತು. ಇದ್ರ ಉಳ್ದಿದ್ದು ಎಲ್ಲಿ ಸಿಗುತ್ತೆ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಅವಳು ಬಸ್‌ಸ್ಟಾಪಿನ ಕಡೆ ತಿರುಗಿ ನೋಡಿದಳು. ಕಡಲೆಕಾಯಿಯವನ ಗಾಡಿ ಇನ್ನೂ ಅಲ್ಲೇ ನಿಂತಿತ್ತು, ಅದರ ಮೂಲೆಯಲ್ಲಿ ಹಳೆಯ ಕಾಗದದ ದೊಡ್ಡ ಕಟ್ಟು. ನಾನು ಅಂಜಲೈಗೆ ಕೂಗಿ ಒಂದು ನಿಮಿಷ ನಿಲ್ಲಲು ಹೇಳಿದೆ. ತರಕಾರಿ ಚೀಲವನ್ನು ಅಂಗಡಿಯಲ್ಲೇ ಬಿಟ್ಟು ನಾವಿಬ್ಬರೂ ಆ ಗಾಡಿಯ ಕಡೆ ನಡೆದೆವು.